ಗುಡ್ಡ ಹತ್ತದ ಮೊಬೈಲ್ ವಿಮರ್ಶೆ

ದುಬಾರಿ ಮೊಬೈಲ್ ಫೋನುಗಳ ವಿಮರ್ಶೆಗೆ ಪತ್ರಿಕೆಗಳಲ್ಲಿ ಈಗ ಕಾಯಂ ಸ್ಥಳವಿದೆ. ಪರದೆಯ ಹೊಳಪು, ಕ್ಯಾಮೆರಾದ ಮೆಗಾಪಿಕ್ಸೆಲ್, ಸ್ಪೀಕರಿನ ಧ್ವನಿ, ಆಟಗಳ ವೇಗ ಎಂದು ಒಂದೊಂದಕ್ಕೂ ಅಂಕ ನೀಡಿ ಕೊನೆಗೆ ಒಟ್ಟು ತೀರ್ಪು ಕೊಡುವುದು ಅದರ ಕ್ರಮ. ಪರೀಕ್ಷೆ ನಡೆಯುವುದು ಮಹಾನಗರದಲ್ಲಿ. ಅಲ್ಲಿ ಕಿಟಕಿಯಾಚೆ ಟವರ್ ಇರುತ್ತದೆ, ಮೇಜಿನ ಪಕ್ಕದಲ್ಲಿ ವಿದ್ಯುತ್ ಇರುತ್ತದೆ, ತಲೆಯ ಮೇಲೆ ಸೂರು ಇರುತ್ತದೆ. ಆದರೆ ಆ ತೀರ್ಪನ್ನು ನಂಬಿ ಹಣ ತೆರುವವರಲ್ಲಿ ಮಲೆನಾಡಿನ ಅಡಿಕೆ ಬೆಳೆಗಾರರೂ, ಅವರ ಕಾಲೇಜು ಸೇರಿದ ಮಕ್ಕಳೂ ಇದ್ದಾರೆ. ಅವರ ಮಳೆ, ಅವರ ಕಾಡು, ಅವರ ಕತ್ತಲೆ ಈ ವಿಮರ್ಶೆಗಳ ಅಳತೆಗೋಲಿನಲ್ಲಿ ಸೇರಿಲ್ಲ. ಹಾಗಾಗಿ ಮಲೆನಾಡು ತನ್ನದೇ ಅಳತೆಗೋಲನ್ನು ರೂಪಿಸಿಕೊಳ್ಳುವುದು ಅಗತ್ಯವಾಗಿದೆ.

ಹಳೆಯದೊಂದು ಪಾಠ

2006ರ ಸೆಪ್ಟೆಂಬರ್‌ನಲ್ಲಿ ಘೋಷಣೆಯಾಗಿ 2007ರಲ್ಲಿ ಮಾರುಕಟ್ಟೆಗೆ ಬಂದ ನೋಕಿಯಾ ಎನ್95 ಆ ಕಾಲದ ಶ್ರೇಷ್ಠ ಫೋನೆಂದು ಹೆಸರಾಗಿತ್ತು. ಕಂಪನಿ ಅದನ್ನು ಫೋನ್ ಎನ್ನದೆ 'ಮಲ್ಟಿಮೀಡಿಯಾ ಕಂಪ್ಯೂಟರ್' ಎಂದೇ ಕರೆಯಿತು. 5 ಮೆಗಾಪಿಕ್ಸೆಲ್ ಕ್ಯಾಮೆರಾ, ಕಾರ್ಲ್ ಜೈಸ್ ಮಸೂರ, ಜಿಪಿಎಸ್, ಎರಡು ಸ್ಪೀಕರ್, ಎಫ್‌ಎಂ ರೇಡಿಯೊ, ಟಿ.ವಿ.ಗೆ ಜೋಡಿಸುವ ತಂತಿ ಎಲ್ಲವೂ ಅದರಲ್ಲಿದ್ದವು. ವೇಗದ 3ಜಿ ಸೌಲಭ್ಯವೂ ಇತ್ತು. ಆದರೆ ಭಾರತದಲ್ಲಿ 3ಜಿ ಜಾಲವೇ ಇರಲಿಲ್ಲ! ಬಿಎಸ್‌ಎನ್‌ಎಲ್ ಅದನ್ನು ಆರಂಭಿಸಿದ್ದು 2009ರಲ್ಲಿ. ಖಾಸಗಿ ಕಂಪನಿಗಳು 2010ರ ಕೊನೆಯ ವೇಳೆಗೆ. ಅಲ್ಲಿಯವರೆಗೆ ಭಾರತೀಯ ಗ್ರಾಹಕ ಬಳಸಲಾಗದ ಸೌಲಭ್ಯಕ್ಕೆ ಬೆಲೆ ತೆತ್ತಿದ್ದ. ಇಷ್ಟೆಲ್ಲ ಕೆಲಸದ ಹೊರೆಯನ್ನು ಹೊರಬೇಕಾಗಿದ್ದುದು 950 ಎಂಎಎಚ್‌ನ ಒಂದು ಪುಟ್ಟ ಬ್ಯಾಟರಿ.

2003ರಲ್ಲಿ ಬಂದ ನೋಕಿಯಾ 1100ರಲ್ಲಿ ಕ್ಯಾಮೆರಾ ಇರಲಿಲ್ಲ, ಹಾಡೂ ಇರಲಿಲ್ಲ. ಧೂಳು ಒಳಹೋಗದ ಕೀಲಿಮಣೆ, ಕೈಯಿಂದ ಜಾರದ ಅಂಚು, ತಲೆಯಲ್ಲೊಂದು ಟಾರ್ಚ್ ಇದ್ದವು. ಜಗತ್ತಿನಾದ್ಯಂತ 25 ಕೋಟಿಯಷ್ಟು ಮಾರಾಟವಾದ ಆ ಫೋನು ಬಳಸುವವನ ನೆಲವನ್ನು ನೋಡಿ ಮಾಡಿದ್ದಾಗಿತ್ತು. ಎನ್95ರ ಅಂತ್ಯ ಮತ್ತೊಂದು ಪಾಠ ಹೇಳುತ್ತದೆ. ಅದರೊಳಗಿನ ಸಿಂಬಿಯನ್ ತಂತ್ರಾಂಶಕ್ಕೆ 2014ರ ಜನವರಿಯಿಂದ ಹೊಸ ಆಪ್‌ಗಳನ್ನು ಸ್ವೀಕರಿಸುವುದನ್ನೇ ಕಂಪನಿ ನಿಲ್ಲಿಸಿತು. ಯಂತ್ರ ಗಟ್ಟಿಯಾಗಿದ್ದರೂ ತಂತ್ರಾಂಶದ ಬೆಂಬಲ ನಿಂತಾಗ ಫೋನು ಮೂಲೆ ಸೇರುತ್ತದೆ. ಇಂದಿನ ದುಬಾರಿ ಫೋನಿನ ಭವಿಷ್ಯವೂ ಇದೇ.

ತೋಟದಲ್ಲಿ ಕ್ಯಾಮೆರಾ

ಇಂದು 200 ಮೆಗಾಪಿಕ್ಸೆಲ್ ಎಂದು ಜಾಹೀರಾತು ಮಾಡುವ ಕ್ಯಾಮೆರಾಗಳಿವೆ. ಆದರೆ ಅವು ಸಾಮಾನ್ಯವಾಗಿ ಹದಿನಾರು ಬಿಂದುಗಳನ್ನು ಒಂದಾಗಿ ಬೆಸೆದು ಸುಮಾರು 12 ಮೆಗಾಪಿಕ್ಸೆಲ್‌ನ ಚಿತ್ರವನ್ನೇ ಕೊಡುತ್ತವೆ. ಚಿತ್ರದ ಗುಣ ನಿರ್ಧಾರವಾಗುವುದು ಬೆಳಕನ್ನು ಹಿಡಿಯುವ ಸಂವೇದಕದ ಗಾತ್ರ, ಮಸೂರ ಮತ್ತು ತಂತ್ರಾಂಶದಿಂದ, ಕೇವಲ ಸಂಖ್ಯೆಯಿಂದಲ್ಲ.

ರೈತನಿಗೆ ಇದಕ್ಕಿಂತ ಮುಖ್ಯವಾದುದು ಬಣ್ಣದ ಪ್ರಾಮಾಣಿಕತೆ. ಅಡಿಕೆಯ ಹಳದಿ ಎಲೆ ರೋಗವನ್ನು ಪೋಷಕಾಂಶದ ಕೊರತೆಯಿಂದ ಬೇರ್ಪಡಿಸುವಾಗ ಗರಿಯ ಹಳದಿ ಎಲ್ಲಿಂದ ಆರಂಭವಾಗಿದೆ, ಎಷ್ಟು ದಟ್ಟವಾಗಿದೆ ಎಂಬುದನ್ನು ಗಮನಿಸಬೇಕಾಗುತ್ತದೆ. ಎಲೆಚುಕ್ಕೆ ರೋಗದಲ್ಲಿ ಕಂದು ಚುಕ್ಕೆಯ ಸುತ್ತಲಿನ ಹಳದಿ ಉಂಗುರ ಮುಖ್ಯ. ಕಣ್ಣಿಗೆ ಹಿತವಾಗಲೆಂದು ಹಸಿರನ್ನು ಇನ್ನಷ್ಟು ಹಸಿರಾಗಿಸುವ ತಂತ್ರಾಂಶವು ಈ ಕುರುಹುಗಳನ್ನೇ ಅಳಿಸಿಬಿಡಬಲ್ಲದು. ವಿಮರ್ಶಕರು 'ಚಿತ್ರಗಳು ಜೀವಂತವಾಗಿವೆ' ಎಂದು ಹೊಗಳುವ ಫೋನು ರೋಗಪತ್ತೆಗೆ ಕೆಟ್ಟ ಸಾಕ್ಷಿಯಾಗಬಹುದು.

ಇರುವ ಫೋನಿನಲ್ಲೇ ಮಾಡಬಹುದಾದುದು ಬಹಳವಿದೆ. ಮೋಡದ ಬೆಳಕಿನಲ್ಲಿ, ಫಿಲ್ಟರ್‌ಗಳನ್ನು ತೆಗೆದು, ಎಲೆಯ ಮೇಲ್ಭಾಗ, ಕೆಳಭಾಗ, ಇಡೀ ಮರ ಎಂದು ಮೂರು ಚಿತ್ರ ತೆಗೆಯಬೇಕು. ಅಳತೆ ತಿಳಿಯಲು ಪಕ್ಕದಲ್ಲೊಂದು ನಾಣ್ಯವಿಡಬೇಕು. ಅಗ್ಗದ ಫೋನುಗಳಲ್ಲಿ ಹೆಸರಿಗಷ್ಟೇ ಇರುವ 2 ಮೆಗಾಪಿಕ್ಸೆಲ್‌ನ ಮ್ಯಾಕ್ರೋ ಕ್ಯಾಮೆರಾಕ್ಕಿಂತ ಮುಖ್ಯ ಕ್ಯಾಮೆರಾವನ್ನೇ ಕೊಂಚ ದೂರದಿಂದ ಬಳಸುವುದು ಲೇಸು. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಕುಗ್ಗುವುದಿಲ್ಲ. ಇಷ್ಟನ್ನು ಅರಿತ ರೈತನ ಸಾಧಾರಣ ಫೋನು ಅರಿಯದವನ ದುಬಾರಿ ಫೋನಿಗಿಂತ ಮೇಲು.

ಧ್ವನಿಯ ವಿಷಯವೂ ಹೀಗೆಯೇ. ಫೋನಿನ ಮೈಕ್ ಮನುಷ್ಯನ ಮಾತಿಗಾಗಿ ಹದಗೊಂಡಿದೆ. ಮಿಕ್ಕ ಸದ್ದನ್ನು ಗದ್ದಲವೆಂದು ಭಾವಿಸಿ ಹಲವು ಫೋನುಗಳು ಅಡಗಿಸುತ್ತವೆ. ಮಳೆಗಾಲದ ಕಪ್ಪೆಗಳ ಕೂಗನ್ನು, ಬೆಳಗಿನ ಹಕ್ಕಿಗಳ ದನಿಯನ್ನು ದಾಖಲಿಸುವ ವಿದ್ಯಾರ್ಥಿಗೆ ಆ ಗದ್ದಲವೇ ಬೇಕಾದದ್ದು. ಗದ್ದಲ ತಡೆಯುವ ಆಯ್ಕೆಯನ್ನು ಆರಿಸಿ, ಕುಗ್ಗಿಸದ ವೇವ್ ರೂಪದಲ್ಲಿ ದಾಖಲಿಸಲು ಅವಕಾಶವಿದೆಯೇ ಎಂದು ಎಷ್ಟು ವಿಮರ್ಶೆಗಳು ಪರೀಕ್ಷಿಸಿವೆ?

ಮಳೆ, ಸಿಗ್ನಲ್, ರೇಡಿಯೊ

'ಐಪಿ68' ಎಂಬ ಮುದ್ರೆ ಕಂಡೊಡನೆ ಫೋನು ಮಳೆಗೆ ಅಂಜದೆಂದು ಭಾವಿಸುವುದುಂಟು. ಆ ಪರೀಕ್ಷೆ ನಡೆಯುವುದು ಹೊಸ ಫೋನಿನ ಮೇಲೆ, ಪ್ರಯೋಗಾಲಯದ ಶುದ್ಧ ನೀರಿನಲ್ಲಿ, ನಿಗದಿತ ಆಳ ಮತ್ತು ಸಮಯಕ್ಕೆ. ಬೋರ್ಡೋ ದ್ರಾವಣದ ಸಿಂಚನ ಶುದ್ಧ ನೀರಲ್ಲ. ತಿಂಗಳುಗಟ್ಟಲೆ ಬಿಡದ ತೇವ ಮೂವತ್ತು ನಿಮಿಷದ ಮುಳುಗೂ ಅಲ್ಲ. ನೀರಿನಿಂದಾದ ಹಾನಿಯನ್ನು ಹೆಚ್ಚಿನ ಕಂಪನಿಗಳ ವಾರಂಟಿ ಒಳಗೊಳ್ಳುವುದಿಲ್ಲ. ಒದ್ದೆ ಬೆರಳನ್ನು ಗಾಜಿನ ಪರದೆ ಸರಿಯಾಗಿ ಗುರುತಿಸುವುದೂ ಇಲ್ಲ. ಗುಂಡಿಯ ಫೋನಿಗೆ ಆ ತೊಡಕಿಲ್ಲ.

ಸಿಗ್ನಲ್ ಕ್ಷೀಣವಾದಷ್ಟೂ ಫೋನು ಟವರನ್ನು ತಲುಪಲು ಹೆಚ್ಚು ಶಕ್ತಿ ವ್ಯಯಿಸುತ್ತದೆ. ಆದುದರಿಂದ ನಗರದಲ್ಲಿ ಎರಡು ದಿನ ಬಂದ ಬ್ಯಾಟರಿ ಕಣಿವೆಯ ಮನೆಯಲ್ಲಿ ಅಷ್ಟು ಬಾರದಿರಬಹುದು. 2022ರ ಅಕ್ಟೋಬರ್‌ನಲ್ಲಿ ದೇಶದಲ್ಲಿ 5ಜಿ ಉದ್ಘಾಟನೆಯಾಯಿತು. ಅದರ 3500 ಮೆಗಾಹರ್ಟ್ಸ್ ಅಲೆಗಳು ಗುಡ್ಡ ಮತ್ತು ದಟ್ಟ ಎಲೆಗಳ ನಡುವೆ ಹೆಚ್ಚು ದೂರ ಸಾಗಲಾರವು. ಟವರ್ ಸಿಗದೆ ಇಂಟರ್ನೆಟ್ ತಂತಿ ಮಾತ್ರ ಬಂದಿರುವ ಮನೆಗಳಿಗೆ 5ಜಿಗಿಂತ ವೈಫೈ ಮೂಲಕ ಕರೆ ಮಾಡುವ ಸೌಲಭ್ಯವೇ ಹೆಚ್ಚು ಉಪಯುಕ್ತ.

ಎಫ್‌ಎಂ ರೇಡಿಯೊದ ಕಥೆ ಇನ್ನೂ ವಿಚಿತ್ರ. ಅಗ್ಗದ ಫೋನುಗಳಲ್ಲಿ ಅದಿದೆ. ದುಬಾರಿ ಫೋನುಗಳಲ್ಲಿ ಹೆಚ್ಚಾಗಿ ಇಲ್ಲ. ಇಯರ್‌ಫೋನಿನ ತಂತಿಯೇ ಅದರ ಆಂಟೆನಾ. ಆ ತಂತಿಯ ರಂಧ್ರವನ್ನೇ ಹಲವು ಕಂಪನಿಗಳು ಕೈಬಿಟ್ಟಿವೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದುದನ್ನು ಕಂಡ ನಾಡಿದು. ಕರೆಂಟು, ಟವರ್ ಎರಡೂ ಹೋದಾಗ ಸುದ್ದಿ ತರಬಲ್ಲ ಸಾಧನ ರೇಡಿಯೊ. ಫೋನುಗಳಲ್ಲಿ ಎಫ್‌ಎಂ ಇರಲಿ ಎಂದು ಕೇಂದ್ರ ಸರ್ಕಾರ 2023ರಲ್ಲಿ ಕಂಪನಿಗಳಿಗೆ ಸಲಹೆ ನೀಡಿದ್ದು ಇದೇ ಕಾರಣಕ್ಕೆ ಮಹತ್ವದ್ದು.

ಬೆಲೆಚೀಟಿಯಲ್ಲಿಲ್ಲದ ಬೆಲೆ

ಫೋನಿನ ಕೆಪಾಸಿಟರ್‌ಗಳಿಗೆ ಟ್ಯಾಂಟಲಂ ಬೇಕು, ಬ್ಯಾಟರಿಗೆ ಕೋಬಾಲ್ಟ್ ಬೇಕು. ಜಗತ್ತಿನ ಅರ್ಧಕ್ಕೂ ಹೆಚ್ಚು ಕೋಬಾಲ್ಟ್ ಬರುವುದು ಕಾಂಗೋ ದೇಶದಿಂದ. ಅಲ್ಲಿನ ಕಹುಜಿ-ಬಿಯೆಗಾ ರಾಷ್ಟ್ರೀಯ ಉದ್ಯಾನದೊಳಗೆ 2000ದ ಆಸುಪಾಸಿನಲ್ಲಿ ಟ್ಯಾಂಟಲಂ ಅದಿರಿಗಾಗಿ ಗಣಿಗಾರರು ನುಗ್ಗಿದಾಗ ಗೊರಿಲ್ಲಾಗಳು ಬೇಟೆಗೆ ಬಲಿಯಾದವು. ಕುದುರೆಮುಖದ ಗಣಿ 2005ರ ಕೊನೆಯಲ್ಲಿ ನಿಲ್ಲುವವರೆಗೆ ಭದ್ರೆ ಕೆಂಪಾಗುವುದನ್ನು ಕಂಡವರಿಗೆ, ಪರರ ಗುಡ್ಡವನ್ನು ಅಗೆದು ತಂದ ವಸ್ತು ಎಂದರೇನೆಂದು ವಿವರಿಸಬೇಕಾಗಿಲ್ಲ.

ಒಂದು ಫೋನು ತನ್ನ ಆಯುಷ್ಯದಲ್ಲಿ ಉಂಟುಮಾಡುವ ಇಂಗಾಲದ ಹೊರೆಯ ಬಹುಪಾಲು ಅದರ ತಯಾರಿಕೆಯಲ್ಲೇ ಆಗಿಹೋಗಿರುತ್ತದೆ. ಹೀಗಾಗಿ ಇರುವುದನ್ನು ಇನ್ನೆರಡು ವರ್ಷ ಬಳಸುವುದೇ ದೊಡ್ಡ ಉಳಿತಾಯ. 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಸೃಷ್ಟಿಸಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ. ಯುರೋಪಿನ ಒಕ್ಕೂಟ 2025ರ ಜೂನ್‌ನಿಂದ ಬಿಡಿಭಾಗಗಳನ್ನು ಏಳು ವರ್ಷ, ತಂತ್ರಾಂಶವನ್ನು ಐದು ವರ್ಷ ಒದಗಿಸಬೇಕೆಂದು ಕಂಪನಿಗಳಿಗೆ ವಿಧಿಸಿದೆ. ಭಾರತದ ಗ್ರಾಹಕನೂ ಇದನ್ನೇ ಕೇಳಬೇಕು.

ಮನೆಯ ಲೆಕ್ಕವೂ ಒಂದಿದೆ. ತೋಟದ ಆದಾಯ ಬರುವುದು ವರ್ಷಕ್ಕೊಮ್ಮೆ. ಫೋನಿನ ಕಂತು ಬರುವುದು ತಿಂಗಳು ತಿಂಗಳೂ. ಕೊಳೆರೋಗ ಬಂದ ವರ್ಷ ಆದಾಯ ಇಳಿದರೂ ಕಂತು ಇಳಿಯುವುದಿಲ್ಲ. ಮಕ್ಕಳ ಆಸೆಯನ್ನು ಹಿರಿಯರು ಗದರಿ ಅಡಗಿಸಬೇಕಾಗಿಲ್ಲ. ಈ ಲೆಕ್ಕವನ್ನು ಅವರ ಮುಂದೆ ಬಿಚ್ಚಿಟ್ಟರೆ ಸಾಕು.

ಪ್ರೌಢಶಾಲೆ, ಕಾಲೇಜುಗಳ ವಿದ್ಯಾರ್ಥಿಗಳು ಊರಿನಲ್ಲಿರುವ ಫೋನುಗಳನ್ನು ತಾವೇ ಪರೀಕ್ಷಿಸಬಹುದು. ಒದ್ದೆ ಕೈಗೆ ಸ್ಪಂದಿಸುತ್ತದೆಯೇ? ಹಳದಿ ಗರಿಯನ್ನು ಹಳದಿಯಾಗಿಯೇ ತೋರಿಸುತ್ತದೆಯೇ? ಕಪ್ಪೆಯ ಕೂಗನ್ನು ಹಿಡಿಯುತ್ತದೆಯೇ? ಕರೆಂಟಿಲ್ಲದೆ ಎಷ್ಟು ದಿನ ಬಾಳುತ್ತದೆ? ಹತ್ತಿರದ ಪೇಟೆಯಲ್ಲಿ ಅದರ ಬ್ಯಾಟರಿ ಬದಲಿಸುವವರಿದ್ದಾರೆಯೇ? ಈ ಐದು ಪ್ರಶ್ನೆಗಳ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು ಸಹಕಾರ ಸಂಘದ ಗೋಡೆಗೆ ಅಂಟಿಸಿದರೆ, ಮುಂದಿನ ಫೋನು ಕೊಳ್ಳುವ ಮನೆಗೆ ಅದು ದೊಡ್ಡ ಉಪಕಾರವಾದೀತು.