ಇಂಗ್ಲಿಷಿನ ‘ಆದೀತು’, ‘ಆಗಬಹುದು’

ನಮ್ಮ ಮನೆಗಳಿಗೆ ಬರುವ ಇಂಗ್ಲಿಷು ಕಾಗದಗಳಲ್ಲಿ ತಿರುಳೆಲ್ಲವೂ ದೊಡ್ಡ ದೊಡ್ಡ ಪದಗಳಲ್ಲಿರುವುದೆಂದು ನಾವು ಎಣಿಸುವೆವು. ನಿಘಂಟನ್ನು ತೆರೆಯುವುದೂ ಅವುಗಳಿಗಾಗಿಯೇ. ಆದರೆ ಕಾಗದದ ತಾತ್ಪರ್ಯವು ಎಷ್ಟೋ ವೇಳೆ ಮೇ, ಮೈಟ್, ಕುಡ್ ಎಂಬ ಕಿರಿಯ ಸಹಾಯಕ ಕ್ರಿಯಾಪದಗಳಲ್ಲಿಯೂ, ಅವುಗಳ ಬೆನ್ನಿಗೆ ಬರುವ ವೆಲ್, ಪಾಸಿಬ್ಲಿ, ಪ್ರಾಬಬ್ಲಿ ಎಂಬ ಅವ್ಯಯಗಳಲ್ಲಿಯೂ ಅಡಗಿರುವುದು. ಇವನ್ನು ನಾವು ಒಗ್ಗರಣೆಯ ಸಾಸುವೆಯಂತೆ ಕಂಡು ಮುಂದೆ ಹೋಗುವೆವು. ಅದರಿಂದ ಆಗುವ ನಷ್ಟವು ಸಾಸುವೆಯಷ್ಟೇ ಇರುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಗೃಹಸ್ಥರೊಬ್ಬರು ತಮ್ಮ ಮಗನನ್ನು ಪರಸ್ಥಳದ ಒಂದು ಶಾಲೆಗೆ ಸೇರಿಸಬೇಕೆಂದು ಅರ್ಜಿ ಹಾಕಿದ್ದರು. ಶಾಲೆಯಿಂದ ಬಂದ ಉತ್ತರವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಒಂದು ಸಂಜೆ ನಮ್ಮ ಮನೆಗೆ ಬಂದರು. ‘ವಿ ಕುಡ್ ನಾಟ್ ಪಾಸಿಬ್ಲಿ ಅಡ್ಮಿಟ್’ ಎಂದು ಅದರಲ್ಲಿ ಬರೆದಿದ್ದಿತು.

“ಮೇಷ್ಟ್ರೆ, ಬಹುಶಃ ಸೇರಿಸಿಕೊಳ್ಳಲಾಗದು ಎಂದು ಬರೆದಿದ್ದಾರೆ. ಬಹುಶಃ ಎಂದ ಮೇಲೆ ಇನ್ನೂ ಆಸೆಗೆ ಎಡೆಯುಂಟಲ್ಲವೆ? ಮೂರು ವಾರದಿಂದ ಕಾದಿದ್ದೇನೆ.”

“ಇಲ್ಲ ರಾಯರೆ. ಏನು ಮಾಡಿದರೂ ಸಾಧ್ಯವಿಲ್ಲವೆಂದು ಬರೆದಿದ್ದಾರೆ.”

ಅವರ ಮುಖವು ಬಾಡಿಹೋಯಿತು. ಊರಿನ ಇನ್ನೊಂದು ಶಾಲೆಗೆ ಅರ್ಜಿ ಸಲ್ಲಿಸುವ ಕೊನೆಯ ದಿನವು ಎರಡು ದಿನಗಳ ಹಿಂದೆಯೇ ಕಳೆದಿದ್ದಿತು. ಹುಡುಗನು ಆ ವರ್ಷ ದೂರದಲ್ಲಿ ಸೋದರಮಾವನ ಮನೆಯಲ್ಲಿದ್ದು ಓದಬೇಕಾಯಿತು. ರಾಯರು ಓದುಬರೆಹ ಬಲ್ಲವರು, ನಿಘಂಟನ್ನೂ ನೋಡಿದ್ದರು. ನಿಘಂಟು ‘ಪಾಸಿಬ್ಲಿ’ ಎಂಬುದಕ್ಕೆ ‘ಬಹುಶಃ’ ಎಂದು ಹೇಳಿದುದು ಸುಳ್ಳೂ ಅಲ್ಲ. ತಪ್ಪು ಎಲ್ಲಿ ನಡೆಯಿತು?

‘ಪಾಸಿಬ್ಲಿ’ ಎಂಬ ಪದವು ‘ನಾಟ್’ ಎಂಬುದರ ಯಾವ ಪಕ್ಕದಲ್ಲಿ ನಿಂತಿದೆಯೆಂಬುದನ್ನು ಮೊದಲು ನೋಡಬೇಕು. ‘ಪಾಸಿಬ್ಲಿ ಹಿ ಕುಡ್ ನಾಟ್ ಕಮ್’ ಎಂದರೆ ಅವನಿಗೆ ಬರಲಾಗಲಿಲ್ಲವೋ ಏನೋ ಎಂದರ್ಥ. ಇಲ್ಲಿ ಸಂಶಯವು ನಿಷೇಧದ ಹೊರಗೆ ನಿಂತಿದೆ. ‘ಹಿ ಕುಡ್ ನಾಟ್ ಪಾಸಿಬ್ಲಿ ಕಮ್’ ಎಂದರೆ ಅವನಿಗೆ ಯಾವ ಬಗೆಯಿಂದಲೂ ಬರಲು ಸಾಧ್ಯವಿಲ್ಲವೆಂದರ್ಥ. ಇಲ್ಲಿ ಸಾಧ್ಯತೆಯನ್ನೇ ನಿಷೇಧವು ನುಂಗಿಬಿಟ್ಟಿದೆ. ನಿಷೇಧವಿಲ್ಲದ ವಾಕ್ಯದಲ್ಲಿ, ‘ಇಟ್ ಕುಡ್ ಪಾಸಿಬ್ಲಿ ಹ್ಯಾಪನ್’ ಎನ್ನುವಾಗ, ಅತ್ಯಂತ ದುರ್ಬಲವಾದ ಆಸೆಯನ್ನು ತಿಳಿಸುವ ಪದವೇ, ನಿಷೇಧದ ಹಿಂದೆ ಬಂದೊಡನೆ ಅತ್ಯಂತ ಗಟ್ಟಿಯಾದ ಬಾಗಿಲಾಗುವುದು. ಅದೂ ಸಭ್ಯವಾದ ಬಾಗಿಲು! ಇಂಗ್ಲಿಷರ ಮನೆಯಲ್ಲಿ ಇನ್ನೊಂದು ತುತ್ತು ಬಡಿಸಹೋದರೆ ‘ಐ ಕುಡ್‌ಂಟ್ ಪಾಸಿಬ್ಲಿ’ ಎಂದು ಅತಿಥಿಯು ಕೈಯಡ್ಡ ಹಿಡಿಯುವನು. ಅದು ‘ಬಹುಶಃ ಬೇಡ’ವಲ್ಲ, ‘ಖಂಡಿತ ಇನ್ನು ಸೇರದು’ ಎಂಬ ಮಾತು.

ನಮ್ಮ ತೊಡಕಿಗೆ ಇನ್ನೊಂದು ಕಾರಣವೂ ಉಂಟು. ಪರ್ಹ್ಯಾಪ್ಸ್, ಪಾಸಿಬ್ಲಿ, ಪ್ರಾಬಬ್ಲಿ ಈ ಮೂರಕ್ಕೂ ನಾವು ‘ಬಹುಶಃ’ ಎಂಬ ಒಂದೇ ಪದವನ್ನು ತೆತ್ತುಬಿಡುವೆವು. ಸಂಸ್ಕೃತದಲ್ಲಿ ಆ ಪದಕ್ಕೆ ಅನೇಕ ಪ್ರಕಾರವಾಗಿ, ಅನೇಕ ಸಲ ಎಂಬ ಅರ್ಥ. ಆದುದರಿಂದ ಅದು ‘ಪ್ರಾಬಬ್ಲಿ’ಗೆ ಹತ್ತಿರ, ‘ಪಾಸಿಬ್ಲಿ’ಗೆ ದೂರ. ಕನ್ನಡದಲ್ಲಿ ಇಂತಹ ತಾರತಮ್ಯವಿಲ್ಲವೆಂದು ಇದರಿಂದ ಯಾರೂ ಭಾವಿಸಬಾರದು. ನಮ್ಮಲ್ಲಿ ಅದು ಕ್ರಿಯಾಪದದ ಒಡಲಲ್ಲಿಯೇ ಇರುವುದು. ಬಂದಾನು, ಬರಬಹುದು, ಬಂದರೂ ಬರಬಹುದು, ಬಾರದೆ ಇರಲಾರ, ಬಂದೇ ಬರುತ್ತಾನೆ – ಇವುಗಳಲ್ಲಿ ಒಂದೊಂದರ ತೂಕವೂ ಬೇರೆ. ‘ಬಂದಾನು’ ಎಂಬಂತಹ ರೂಪಕ್ಕೆ ನಮ್ಮ ವೈಯಾಕರಣರು ಸಂಭಾವನಾರ್ಥಕವೆಂದು ಹೆಸರಿಟ್ಟಿರುವರು. ಅಟ್ಟ ಹತ್ತುವ ಮಗುವಿಗೆ ತಾಯಿಯು “ಬಿದ್ದೀಯೆ, ಜೋಕೆ!” ಎನ್ನುವಳಲ್ಲ, ಆ ಒಂದು ಪ್ರತ್ಯಯದಲ್ಲಿ ಇಂಗ್ಲಿಷಿನ ‘ಯು ಮೈಟ್ ಫಾಲ್’ ಎಂಬುದೂ, ಅದಕ್ಕಿಂತ ಹೆಚ್ಚಾಗಿ ತಾಯಿಯ ಎದೆ ನಡುಗಿದುದೂ ಸೇರಿವೆ. ಇಂತಹ ಪ್ರತ್ಯಯವಿಲ್ಲದ ಇಂಗ್ಲಿಷು ಭಾಷೆಯು ಅದೇ ಕೆಲಸವನ್ನು ಎರಡು ಬಿಡಿ ಪದಗಳನ್ನು ಜೊತೆಗೂಡಿಸಿ ಮಾಡಿಕೊಳ್ಳುವುದು.

ಈ ಜೋಡಿಗಳಲ್ಲಿ ನಮ್ಮವರನ್ನು ಹೆಚ್ಚಾಗಿ ಮೋಸಗೊಳಿಸುವುದು ‘ಮೇ ವೆಲ್’. ‘ವೆಲ್’ ಎಂದರೆ ಚೆನ್ನಾಗಿ ಎಂದು ಬಾಲಪಾಠದಲ್ಲಿ ಕಲಿತಿರುವೆವು. ಆದುದರಿಂದ ‘ಹಿ ಮೇ ವೆಲ್ ರಿಕವರ್’ ಎಂದು ವೈದ್ಯನು ಬರೆದರೆ, ರೋಗಿಯು ಚೆನ್ನಾಗಿ ಗುಣಹೊಂದಬಹುದೆಂದು ಓದುವೆವು. ಅವನು ಬರೆದುದು ಬೇರೆ: ಗುಣವಾಗುವ ಸಂಭವವು ಸಾಕಷ್ಟು ಇದೆಯೆಂದು. ಬರಿಯ ‘ಮೇ’ ಎಂದರೆ ತಕ್ಕಡಿಯು ಯಾವ ಕಡೆಗೂ ವಾಲಿಲ್ಲ. ‘ಮೇ ವೆಲ್’ ಎಂದರೆ ಆಗುವ ಕಡೆಗೆ ವಾಲಿದೆ. ‘ಮೈಟ್ ಜಸ್ಟ್’ ಎಂದರೆ ಕೂದಲೆಳೆಯಷ್ಟು ಆಸೆ. ‘ವಿಲ್ ಪ್ರಾಬಬ್ಲಿ’ ಎಂದರೆ ಆಗದಿರುವುದಕ್ಕಿಂತ ಆಗುವ ಸಂಭವವೇ ಹೆಚ್ಚು. ‘ಮಸ್ಟ್ ಷೂರ್ಲಿ’ ಎಂಬುದು ನೋಡಲು ಎಲ್ಲಕ್ಕಿಂತ ಗಟ್ಟಿ. ಆದರೆ ‘ಷೂರ್ಲಿ’ ಎನ್ನುವವನು ಒಳಗೊಳಗೇ ಕೇಳುವವನ ಒಪ್ಪಿಗೆಯನ್ನು ಬೇಡುತ್ತಿರುವನು. ನಾವು ಮಾತಿನ ಕೊನೆಗೆ ‘ಅಲ್ಲವೆ?’ ಎಂದು ಸೇರಿಸುವುದಿಲ್ಲವೆ, ಹಾಗೆ.

‘ಮೇ’ ಎಂದ ಮೇಲೆ ‘ಪಾಸಿಬ್ಲಿ’ ಏಕೆ, ಸಂಶಯದ ಮೇಲೆ ಸಂಶಯವಾಗಲಿಲ್ಲವೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಒಂದೇ ತೂಕದ ಎರಡು ಪದಗಳು ಕೂಡಿದಾಗ ಅವು ಒಂದನ್ನೊಂದು ಗುಣಿಸುವುದಿಲ್ಲ. ಶ್ರುತಿಗೂಡಿಸಿದ ಎರಡು ತಂತಿಗಳಂತೆ ಒಂದೇ ಸ್ವರವನ್ನು ನುಡಿಯುವುವು. ಭಾಷಾಶಾಸ್ತ್ರಜ್ಞನಾದ ಜಾನ್ ಲಯನ್ಸನು 1977ರಲ್ಲಿ ಪ್ರಕಟವಾದ ತನ್ನ ಶಬ್ದಾರ್ಥಶಾಸ್ತ್ರದ ಗ್ರಂಥದಲ್ಲಿ ಇಂತಹ ಜೋಡಿಯನ್ನು ಸಂಗೀತದ ಮಾತಿನಿಂದಲೇ ಕರೆದಿರುವನು. ನಮ್ಮ ‘ಬಹುಶಃ ಬಂದಾನು’ ಎಂಬುದೂ ಇಂತಹುದೇ.

ಪದಗಳ ಸ್ಥಾನದ ವಿಷಯ ಬೇಗ ಮುಗಿಯುವುದು. ‘ಪ್ರಾಬಬ್ಲಿ’ಯು ಸಾಮಾನ್ಯವಾಗಿ ಸಹಾಯಕ ಕ್ರಿಯಾಪದದ ಅನಂತರ ಬರುವುದು: ‘ಹಿ ವಿಲ್ ಪ್ರಾಬಬ್ಲಿ ಕಮ್’. ‘ವೋಂಟ್’ ಎಂಬ ಕೂಡಿಸಿದ ನಿಷೇಧವಿದ್ದರೆ ಅದಕ್ಕಿಂತ ಮುಂಚೆ: ‘ಹಿ ಪ್ರಾಬಬ್ಲಿ ವೋಂಟ್ ಕಮ್’. ‘ಪರ್ಹ್ಯಾಪ್ಸ್’, ‘ಮೇಬಿ’ ಎಂಬುವು ವಾಕ್ಯದ ತಲೆಯಲ್ಲಿ ಕುಳಿತುಕೊಳ್ಳಲು ಇಷ್ಟಪಡುವುವು. ‘ಮೇಬಿ’ಯನ್ನು ಕೂಡಿಸಿ ಬರೆದರೆ ಅವ್ಯಯ, ಬಿಡಿಸಿ ಬರೆದರೆ ಕ್ರಿಯಾಪದ. ‘ಪರ್ಹ್ಯಾಪ್ಸ್’ ಎಂಬುದರ ಒಳಗಿರುವ ‘ಹ್ಯಾಪ್’ ಎಂದರೆ ಅದೃಷ್ಟ, ದೈವವಶವಾದುದು. ‘ಹ್ಯಾಪಿ’ ಎಂಬ ಸಂತೋಷದ ಪದವೂ ಅದರ ಒಡಹುಟ್ಟು.

ಇಷ್ಟೆಲ್ಲ ತೂಕ ಹೇಳಿದೆನಾದರೂ, ಆ ಭಾಷೆಯನ್ನು ಮನೆಮಾತಾಗಿ ಉಳ್ಳವರಲ್ಲಿಯೂ ಎಲ್ಲರ ತಕ್ಕಡಿ ಒಂದೇ ಅಲ್ಲ. 1951ರಲ್ಲಿ ಅಮೆರಿಕದ ಗುಪ್ತಚಾರ ಇಲಾಖೆಯವರು, ಯುಗೋಸ್ಲಾವಿಯದ ಮೇಲೆ ಆ ವರ್ಷ ದಂಡಯಾತ್ರೆ ನಡೆಯುವುದನ್ನು ‘ಸೀರಿಯಸ್ ಪಾಸಿಬಿಲಿಟಿ’ ಎಂದೆಣಿಸಬೇಕೆಂದು ಸರ್ಕಾರಕ್ಕೆ ಬರೆದುಕೊಟ್ಟರು. ಅದನ್ನು ಬರೆದವರಲ್ಲಿ ಒಬ್ಬನಾದ ಷರ್ಮನ್ ಕೆಂಟನ ಮನಸ್ಸಿನಲ್ಲಿ ಆ ಮಾತಿಗೆ 100ಕ್ಕೆ 65ರಷ್ಟು ಸಂಭವವೆಂದು ಲೆಕ್ಕವಿದ್ದಿತು. ಓದಿದ ಅಧಿಕಾರಿಯೊಬ್ಬನು ಅಷ್ಟು ಹೆಚ್ಚೆಂದು ತಿಳಿದೇ ಇರಲಿಲ್ಲ. ಗಾಬರಿಗೊಂಡ ಕೆಂಟನು ಜೊತೆಯಲ್ಲಿ ಕುಳಿತು ಆ ವಾಕ್ಯಕ್ಕೆ ಒಪ್ಪಿಗೆಯಿತ್ತವರನ್ನೇ ವಿಚಾರಿಸಲು, ಒಬ್ಬನು 20 ಎಂದನು, ಇನ್ನೊಬ್ಬನು 80 ಎಂದನು! 1964ರಲ್ಲಿ ಅವನು ಈ ಕಥೆಯನ್ನು ಬರೆದು, ಇಂತಹ ಒಂದೊಂದು ಪದಕ್ಕೂ ಇಷ್ಟೆಂದು ಅಂಕಿ ಕಟ್ಟಬೇಕೆಂದು ವಾದಿಸಿದನು. ಹವೆಯ ಬದಲಾವಣೆಯನ್ನು ಕುರಿತ ಅಂತರರಾಷ್ಟ್ರೀಯ ಮಂಡಲಿಯ 2013ರ ವರದಿಯಲ್ಲಿ ‘ಲೈಕ್ಲಿ’ ಎಂದರೆ 100ಕ್ಕೆ 66ಕ್ಕೆ ಕಡಮೆಯಿಲ್ಲದುದು, ‘ವೆರಿ ಲೈಕ್ಲಿ’ ಎಂದರೆ 90ಕ್ಕೆ ಕಡಮೆಯಿಲ್ಲದುದು ಎಂದು ಹಾಗೆಯೇ ಕಟ್ಟಿರುವರು. ಮನೆಗೆ ಬರುವ ಕಾಗದಗಳಿಗೆ ಅಂಕಿ ಕಟ್ಟುವವರಿಲ್ಲ. ದೊಡ್ಡ ಖರ್ಚೋ, ಶಸ್ತ್ರಚಿಕಿತ್ಸೆಯೋ, ಮಗುವಿನ ಶಾಲೆಯೋ ಆ ಒಂದು ಪದವನ್ನು ನಂಬಿ ನಿಂತಿದ್ದರೆ, ‘ಎಷ್ಟರಮಟ್ಟಿಗೆ?’ ಎಂದು ಬರೆದವರನ್ನೇ ಕೇಳುವುದರಲ್ಲಿ ಯಾವ ಅವಮಾನವೂ ಇಲ್ಲ.

ಇನ್ನೊಂದು ಜೋಡಿಯನ್ನು ಇಲ್ಲಿಯೇ ಹೇಳಿಬಿಡುವೆನು. ‘ಯು ಷುಡ್ ಪ್ರಾಬಬ್ಲಿ ಸೀ ಎ ಡಾಕ್ಟರ್’ ಎಂದು ಹಿತೈಷಿಯೊಬ್ಬನು ಹೇಳಿದರೆ, ‘ಪ್ರಾಬಬ್ಲಿ’ ಎಂದನಲ್ಲ, ಅಂತಹ ಅವಸರವೇನಿಲ್ಲವೆಂದು ತಿಳಿಯಬೇಡಿರಿ. ಅಲ್ಲಿ ಆ ಪದವು ಸಂಶಯಕ್ಕಾಗಿ ಬಂದುದಲ್ಲ. ಅಪ್ಪಣೆಯಂತೆ ಕೇಳಿಸದಿರಲೆಂದು ಬಂದುದು. “ಒಮ್ಮೆ ವೈದ್ಯರಿಗೆ ತೋರಿಸಿಬಿಡುವುದು ಲೇಸು” ಎಂದು ನಾವು ಮೆಲ್ಲಗೆ ಹೇಳುವಂತೆಯೇ ಅದು.

ಈ ಸಲ ರಾಯರು ಮಗಳ ವಿಷಯವಾಗಿ ಬಂದ ಕಾಗದವೊಂದನ್ನು ತಂದು ತೋರಿಸಿದರು. ‘ಮೇ ವೆಲ್’ ಎಂಬುದರ ಕೆಳಗೆ ಸೀಸದಕಡ್ಡಿಯಿಂದ ತಾವೇ ಗೆರೆ ಎಳೆದಿದ್ದರು. ಅದರ ಕೆಳಗಿನ ಸಾಲಿನಲ್ಲಿ ‘ಮೈಟ್ ಆಸ್ ವೆಲ್’ ಎಂದಿದ್ದಿತು. ಅದಕ್ಕೂ ಗೆರೆ ಎಳೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿದ್ದರು. ಆ ಜೋಡಿಯಲ್ಲಿ ಸಂಶಯವೆಂಬುದು ಲವಲೇಶವೂ ಇಲ್ಲ. ಬೇರೆ ಉತ್ತಮವಾದ ದಾರಿ ಕಾಣದುದರಿಂದ ಇದನ್ನೇ ಮಾಡಿಬಿಡೋಣವೆಂಬ ಭಾವ. ಅದರ ವಿಷಯವನ್ನು ಮುಂದಿನ ತಿಂಗಳು ವಿಸ್ತಾರವಾಗಿ ನೋಡೋಣ.