ಬೇಗಂಪೇಟೆಯ ಸೊಳ್ಳೆ ಪಂಡಿತರು

ಬೇಗಂಪೇಟೆಯ ದಾರಿಯಲ್ಲಿ ನಾವು ಎಷ್ಟು ಸಲ ಓಡಾಡಿಲ್ಲ! ಅಲ್ಲಿ ಸರ್ ರೊನಾಲ್ಡ್ ರಾಸ್ ಅವರ ಹೆಸರು ಹೊತ್ತ ಹಳೆಯ ಕಟ್ಟಡವೊಂದುಂಟು. ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಆ ಕಟ್ಟಡದ ಕಥೆಗೂ ನಮ್ಮ ಕನ್ನಡ ನಾಡಿಗೂ ನಂಟಿದೆಯೆಂದರೆ ವಾಚಕರು ನಂಬುವರೆ?

ರಾಸ್ ಸಾಹೇಬರು ಹುಟ್ಟಿದ್ದು 1857ರಲ್ಲಿ, ಅಲ್ಮೋಡದಲ್ಲಿ. ಸೈನ್ಯದ ವೈದ್ಯರಾಗಿ 1883ರಲ್ಲಿ ಬೆಂಗಳೂರಿನಲ್ಲಿದ್ದಾಗ ಅವರ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ಹೇಳತೀರದು. ಹುಡುಕಿದರೆ, ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಮರಿಗಳು ತುಂಬಿದ್ದವು. ನೀರು ಚೆಲ್ಲಿಸಿದರು, ಕಾಟ ತಗ್ಗಿತು. ಮೊದಲ ಪಾಠ ಬೆಂಗಳೂರಿನದೇ!

ಚಳಿಜ್ವರ ಜೌಗಿನ ಕೆಟ್ಟ ಗಾಳಿಯಿಂದ ಬರುವುದೆಂದು ಆಗ ಜನರ ನಂಬಿಕೆ. 'ಮಲೇರಿಯಾ' ಎಂಬ ಇಟಲಿಯ ಮಾತಿನ ಅರ್ಥವೇ ಅದು. ರೋಗಿಯ ರಕ್ತದಲ್ಲಿ ಸೂಕ್ಷ್ಮಜೀವಿಯಿರುವುದನ್ನು ಲಾವೆರಾನ್ ಎಂಬ ಫ್ರೆಂಚ್ ವೈದ್ಯರು 1880ರಲ್ಲಿ ಕಂಡಿದ್ದರು. ಇದರಲ್ಲಿ ಸೊಳ್ಳೆಯ ಕೈವಾಡವಿರಬೇಕೆಂದು ಲಂಡನ್ನಿನ ಮ್ಯಾನ್ಸನ್ ಊಹಿಸಿದರು. ಊಹೆಗೆ ರುಜುವಾತು ಬೇಕಲ್ಲ?

1895ರಲ್ಲಿ ಸಿಕಂದರಾಬಾದಿಗೆ ಬಂದ ರಾಸ್ ಸಾಹೇಬರು ಸೊಳ್ಳೆಗಳನ್ನು ಸೀಳಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಏನೂ ಸಿಗಲಿಲ್ಲ. ಅವರು ನೋಡುತ್ತಿದ್ದ ಜಾತಿಯೇ ಬೇರೆಯಾಗಿತ್ತು! ಸೆಕೆಯಲ್ಲಿ ಬೆವರು ಸುರಿದರೂ ಪಂಖ ಬೀಸಿಸುವಂತಿಲ್ಲ, ಸೊಳ್ಳೆ ಹಾರಿಹೋದೀತು.

1897ರ ಆಗಸ್ಟಿನಲ್ಲಿ ಚುಕ್ಕೆ ರೆಕ್ಕೆಯ ಕಂದು ಸೊಳ್ಳೆಗಳು ದೊರೆತವು. ಹುಸೇನ್ ಖಾನ್ ಎಂಬ ಜ್ವರಪೀಡಿತ, ಸೊಳ್ಳೆಗೊಂದಾಣೆಯಂತೆ ಹಣ ಪಡೆದು ಅವುಗಳಿಂದ ಕಚ್ಚಿಸಿಕೊಂಡ. 20ರಂದು ಅಂಥ ಸೊಳ್ಳೆಯೊಂದರ ಹೊಟ್ಟೆಯ ಗೋಡೆಯಲ್ಲಿ ಕಪ್ಪು ಕಣಗಳಿದ್ದ ದುಂಡು ಕೋಶಗಳು ಕಂಡವು. ಮರುವರ್ಷ ಕಲ್ಕತ್ತೆಯಲ್ಲಿ, ಹಕ್ಕಿಗಳ ಮಲೇರಿಯಾವನ್ನು ಪರೀಕ್ಷಿಸಿ, ರೋಗಾಣು ಸೊಳ್ಳೆಯ ಜೊಲ್ಲಿನ ಗ್ರಂಥಿಯನ್ನು ಸೇರಿ ಕಚ್ಚುವಾಗ ಹರಡುವುದನ್ನು ತೋರಿಸಿಕೊಟ್ಟರು. 1902ರಲ್ಲಿ ನೊಬೆಲ್ ಪಾರಿತೋಷಕ ಬಂತು. ಆಗಸ್ಟ್ 20 ಇಂದು ವಿಶ್ವ ಸೊಳ್ಳೆ ದಿನ.

ಸಾಹೇಬರ ಹೆಸರು ಜಗತ್ತಿಗೆಲ್ಲ ಗೊತ್ತು. ಮೈಯೊಡ್ಡಿದ ಹುಸೇನ್ ಖಾನನನ್ನು ನೆನೆಯುವವರು ಎಷ್ಟು ಮಂದಿ? ಮಕ್ಕಳಿಗೆ ಈ ಕಥೆ ಹೇಳುವಾಗ ಎರಡು ಹೆಸರನ್ನೂ ಹೇಳೋಣ.

ಇದನ್ನು ಬರೆಯುವಾಗ ನಮಗೂ ನಾಚಿಕೆಯಾಯಿತು. ಎದ್ದು ನೋಡಿದರೆ ನಮ್ಮ ಮನೆಯ ತುಳಸಿ ಕುಂಡದ ಕೆಳಗಿನ ತಟ್ಟೆಯಲ್ಲೇ ಮರಿಗಳು ಕುಣಿಯುತ್ತಿದ್ದವು! ಡೆಂಗಿ ತರುವ ಸೊಳ್ಳೆಗೆ ಇಂಥ ಮನೆಯ ನೀರೇ ತವರು. ಹೊಟ್ಟೆಪಾಡಿಗೆಂದು ಬಂದ ಊರಾದರೂ, ನಮ್ಮ ಮಕ್ಕಳು ಬೆಳೆಯುತ್ತಿರುವ ಊರು ಇದೇ. ತಾಯಂದಿರೆ, ಮಹನೀಯರೆ, ವಾರಕ್ಕೊಮ್ಮೆ ತೊಟ್ಟಿ, ಬಕೆಟ್ಟು, ಕುಂಡದ ತಟ್ಟೆಗಳನ್ನು ಬರಿದುಮಾಡಿ ಉಜ್ಜೋಣ. ಬೆಂಗಳೂರಿನ ಪೀಪಾಯಿ ಕಲಿಸಿದ ಪಾಠವನ್ನು ಹೈದರಾಬಾದಿನಲ್ಲಿ ಮರೆಯದಿರೋಣ.