ಮನೆಯ ಕಸೂತಿಗೂ ಗಂಟೆಯ ಲೆಕ್ಕ ಇರಲಿ

ಧಾರವಾಡದ ಸುತ್ತಲಿನ ಊರುಗಳಲ್ಲಿ ಕಸೂತಿ ಹಾಕಿ ನಾಲ್ಕು ಕಾಸು ಗಳಿಸುವ ಹೆಣ್ಣುಮಕ್ಕಳ ಪ್ರಸ್ತಾಪ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: “ಅದೇನ್ ದೊಡ್ಡ ಕೆಲಸರೀ? ಮನ್ಯಾಗ ಕುಂತು, ಕೂಸು ನೋಡ್ಕೋತ ಮಾಡೂದು.” ಹೀಗೆನ್ನುವವರು ಕಸೂತಿ ಸೀರೆಯನ್ನು ನೋಡಿರುತ್ತಾರೆ, ಕಸೂತಿ ಹಾಕುವುದನ್ನು ಕುಳಿತು ನೋಡಿರುವುದಿಲ್ಲ.

ಕಸೂತಿಗೆ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವ ಪದ್ಧತಿಯಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸುತ್ತಲೇ ಸೂಜಿ ಚುಚ್ಚಬೇಕು. ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂದು ಹೊಲಿಗೆ ನಾಲ್ಕು ಬಗೆ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಬೀಳುತ್ತದೆ. ಮರಳಿ ಬರುವಾಗ ನಡುವಿನ ಖಾಲಿ ತುಂಬುತ್ತದೆ. ಬಟ್ಟೆಯ ಎರಡೂ ಮಗ್ಗುಲು ಒಂದೇ ಸಮ ಕಾಣಬೇಕು, ಗಂಟು ಹಾಕುವಂತಿಲ್ಲ. ಗೋಪುರವನ್ನೋ ತೇರನ್ನೋ ಎತ್ತಿಕೊಂಡಾಗ ಒಂದೇ ಎಳೆ ಹೆಚ್ಚುಕಡಿಮೆಯಾದರೂ ಮರಳಿ ಬರುವ ಹೊಲಿಗೆ ಕೂಡುವುದಿಲ್ಲ. ತಪ್ಪಿದ ಜಾಗದವರೆಗೆ ಬಿಚ್ಚಿ ಮತ್ತೆ ಹಾಕಬೇಕು. ಕಪ್ಪು ಚಂದ್ರಕಾಳಿ ಸೀರೆಯಾದರಂತೂ ರಾತ್ರಿ ದೀಪದಲ್ಲಿ ಎಳೆ ಕಾಣದು. ಹಗಲೇ ಬೇಕು.

ಈಗ ಎಂಟು ತಿಂಗಳ ಕೂಸಿನ ತಾಯಿಯನ್ನು ಈ ಕೆಲಸಕ್ಕೆ ಕೂಡ್ರಿಸಿ ನೋಡಿ. ಎಣಿಕೆ ಹದಿನೇಳಕ್ಕೆ ಬಂದಿರುತ್ತದೆ, ಕೂಸು ಅಳುತ್ತದೆ. ಹಾಲು ಕುಡಿಸಿ ಬರುವಷ್ಟರಲ್ಲಿ ಹದಿನೇಳೋ ಹತ್ತೊಂಬತ್ತೋ ನೆನಪಿರುವುದಿಲ್ಲ. ಮತ್ತೆ ಸೂಜಿ ಹಿಡಿದರೆ ಮಾವನವರಿಗೆ ಚಹಾ, ಎಮ್ಮೆಗೆ ನೀರು. ಅಂಬೆಗಾಲಿಡುವ ಕೂಸಿನ ಕೈಗೆ ಸೂಜಿ ಸಿಕ್ಕೀತೆಂದು ಒಂದು ಕಣ್ಣು ಸದಾ ಅತ್ತಲೇ. ಸಂಜೆಗೆ ನೋಡಿದರೆ ಎರಡು ಬೆರಳಗಲದ ಕೆಲಸವೂ ಆಗಿರುವುದಿಲ್ಲ. ಹೇಳಿದ ದಿನಕ್ಕೆ ಕೊಡಲಿಲ್ಲವೆಂದು ಕೆಲಸ ಕೊಟ್ಟವನು ಹಣ ಮುರಿದುಕೊಂಡರೆ, ಮನೆಯಲ್ಲಿ “ನಿನಗ್ಯಾಕ ಬೇಕಿತ್ತು ಇದು” ಎಂಬ ಮಾತು ಬೇರೆ.

ಆದ್ದರಿಂದ ಮೊದಲು ಆಗಬೇಕಾದುದು ಗಂಟೆಯ ಲೆಕ್ಕ. ಒಂದು ಖಣಕ್ಕೆ 30 ಗಂಟೆ ಹಿಡಿಯಿತೆನ್ನೋಣ, 600 ರೂಪಾಯಿ ಬಂತೆನ್ನೋಣ, ದಾರ 60 ರೂಪಾಯಿ ಎನ್ನೋಣ. ಉಳಿದದ್ದು 540, ಗಂಟೆಗೆ 18 ರೂಪಾಯಿ. ಈ ದರಕ್ಕೆ ತಮ್ಮ ಹೊಲದ ಕಳೆ ತೆಗೆಯಲು ಯಾರಾದರೂ ಬಂದಾರೆಯೇ? ಬಿತ್ತನೆಯ ಖರ್ಚನ್ನು ಬೀಜ, ಗೊಬ್ಬರ, ಎತ್ತಿನ ಬಾಡಿಗೆ ಎಂದು ಪೈಸೆಗೆ ಪೈಸೆ ಬರೆದಿಡುವ ಮನೆಯಲ್ಲಿಯೇ ಸೊಸೆಯ ಗಂಟೆಗಳನ್ನು ಯಾರೂ ಬರೆಯುವುದಿಲ್ಲ. ಗೋಡೆಯ ಪಂಚಾಂಗದ ಮೇಲೆ ದಿನಕ್ಕೆ ಎಷ್ಟು ಗಂಟೆ ಸೂಜಿ ಹಿಡಿದಳೆಂದು ಗುರುತು ಹಾಕಿದರೂ ಸಾಕು. ಮುಂದಿನ ಸಲ ದರ ಮಾತಾಡುವಾಗ ಅವಳ ಕೈಯಲ್ಲಿ ಆಧಾರವಿರುತ್ತದೆ.

ಎರಡನೆಯದು, ಕೂಸಿನ ವಯಸ್ಸು ನೋಡಿ ಕೆಲಸ ಆರಿಸುವುದು. ಕೂಸಿಗೆ ಬರೀ ಎದೆಹಾಲು ಕೊಡಬೇಕಾದ ಮೊದಲ ಆರು ತಿಂಗಳು ಗಡುವಿನ ಕೆಲಸ ಹಿಡಿಯಬಾರದು, ಅದರಲ್ಲೂ ಮದುವೆ ಹಂಗಾಮಿನ ಸೀರೆಯನ್ನು. ಈ ವಿಷಯದಲ್ಲಿ ಅತ್ತೆಯಂದಿರ ಆಕ್ಷೇಪಣೆ ಸರಿಯೇ. ಆಮೇಲಿನ ಎರಡು ವರ್ಷಕ್ಕೆ ಕೌದಿ ವಾಸಿ. ಹಳೆಯ ಸೀರೆ, ಧೋತರಗಳ ಪದರ ಹಾಸಿ ಎಳೆಯುವ ಉದ್ದ ಹೊಲಿಗೆಯನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಎಣಿಕೆ ತಪ್ಪುವ ಭಯವಿಲ್ಲ. ನೆರೆಯ ಇಬ್ಬರು ಮೂವರು ಕೂಡಿ ಕುಳಿತರೆ ಒಬ್ಬಾಕೆ ಮಕ್ಕಳನ್ನು ನೋಡಿಕೊಳ್ಳಲೂ ಆಗುತ್ತದೆ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಇಂಥದೇ ಕೌದಿಗಳಿಗೆ ಇಂದು ಪಟ್ಟಣದವರೂ ಪರದೇಶದವರೂ ಗಿರಾಕಿಗಳಾಗಿದ್ದಾರೆ. ಮಗು ಅಂಗನವಾಡಿಗೆ ಹೋಗಲಾರಂಭಿಸಿದ ಮೇಲೆ ಗೋಪುರ, ತೇರು ಎತ್ತಿಕೊಳ್ಳಬಹುದು.

ಅಂಗನವಾಡಿಯ ಮಾತು ಬಂದುದರಿಂದ ಒಂದು ಕೊರತೆಯನ್ನೂ ಹೇಳಬೇಕು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರಲ್ಲಿ ಆರಂಭವಾಗಿ ಹಳ್ಳಿಹಳ್ಳಿಗೆ ಬಂತು, ನಿಜ. ಆದರೆ ಅಲ್ಲಿ ಕೂಡ್ರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮಕ್ಕಳನ್ನು. ಅದಕ್ಕಿಂತ ಚಿಕ್ಕವರು ಮನೆಯಲ್ಲಿಯೇ. 2023ರಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಪ್ರಕಟಿಸಿತು. ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟು ಮಾಡಿದ ಯೋಜನೆಯದು. ಮನೆಯಲ್ಲಿ ಕುಳಿತು ಕಸೂತಿ ಹಾಕುವವಳನ್ನು ಕೆಲಸದವಳೆಂದು ಯಾರೂ ಎಣಿಸುವುದಿಲ್ಲ, ಅವಳ ಕೂಸನ್ನು ಕೇಳುವವರೂ ಇಲ್ಲ. ನೌಕರಿಯ ಹೆಣ್ಣುಮಗಳಿಗೆ 2017ರಿಂದ ಮೊದಲೆರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ ಉಂಟು. ಇವಳಿಗೆ ಸಂಬಳ ಕೊಡುವ ಧಣಿಯೇ ಇಲ್ಲ, ಇನ್ನು ರಜೆ ಎಲ್ಲಿಯದು! ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆಗೆ ಈ ಪ್ರಶ್ನೆಯನ್ನೂ ಯಾರಾದರೂ ಎತ್ತಬೇಕು. ಹೆಂಗಸರೇ ಎತ್ತಲಿ ಎಂದು ಕಾಯಬೇಕಾಗಿಲ್ಲ.

ಬಂದ ಹಣ ಅವಳ ಹೆಸರಿನ ಪಾಸ್‌ಬುಕ್ಕಿಗೇ ಹೋಗಲಿ. ಮನೆಯ ಖರ್ಚಿಗೆ ಕೊಡಲಾರಳೆಂದಲ್ಲ, ಕೊಟ್ಟೇ ಕೊಡುತ್ತಾಳೆ. ಆದರೆ ಮುಂದಿನ ಸೀರೆಯ ದಾರಕ್ಕೆ ಗಂಡನ ಜೇಬು ನೋಡುವಂತಾದರೆ ಅದು ವ್ಯಾಪಾರವಾಗಿ ಉಳಿಯುವುದಿಲ್ಲ. ಬಿತ್ತನೆ ಬೀಜಕ್ಕೆ ಕಾಳು ತೆಗೆದಿಡುವುದನ್ನು ರೈತರಿಗೆ ಹೇಳಿಕೊಡಬೇಕೆ?

ಕೊನೆಯದು, ಈ ಪುಟವನ್ನು ವಾಚನಾಲಯದಲ್ಲಿ ಕುಳಿತು ಓದುವವರಿಗೆ. ತಾವು ಹೆಚ್ಚಿನವರು ಗಂಡಸರು. ಎಳೆ ಎಣಿಸಲು ಬೇಕಾದ ಒಳ್ಳೆಯ ಬೆಳಕು ಇರುವುದು ಊಟದ ನಂತರ, ಮಧ್ಯಾಹ್ನ ಎರಡರಿಂದ ನಾಲ್ಕು. ಉಳುಮೆ, ಸುಗ್ಗಿಯ ದಿನಗಳನ್ನು ಬಿಟ್ಟರೆ ತಾವು ಇಲ್ಲಿಗೆ ಬಂದು ಕೂಡ್ರುವ ಹೊತ್ತೂ ಅದೇ. ಬರುವಾಗ ಕೂಸನ್ನು ಹೆಗಲ ಮೇಲೆ ಕೂಡ್ರಿಸಿಕೊಂಡು ಬರಬಹುದು. ನಾಲ್ಕು ಜನ ನಕ್ಕಾರು. ಎರಡು ದಿನ ನಕ್ಕು ಮೂರನೆಯ ದಿನ ಅವರೇ ಎತ್ತಿ ಆಡಿಸುತ್ತಾರೆ. ಕೂಸು ಪತ್ರಿಕೆ ಹರಿದರೆ ವಾಚನಾಲಯದವರು ಗೊಣಗುವುದು ಖಂಡಿತ. ಅದಕ್ಕೆ ನಿನ್ನೆಯ ಪತ್ರಿಕೆಯನ್ನು ಕೈಗೆ ಕೊಡಿ.